ಆಯಿ ತವರಿಗೆ ಹೋದ ಪಂಚಮಿ

ಪಂಚಮಿ ಸಮೀಪಿಸಿತೆಂದರೆ ಕುಲಗೋಡದ ಓಣಿ ತುಂಬ ಜೋಳದ ಅಳ್ಳು ಹುರಿಯುವ ವಾಸನೆ ಹಬ್ಬುತ್ತಿದ್ದ ದಿನಗಳವು. ಬೇವಿನ ಮರಕ್ಕೆ ಜೋಕಾಲಿ ಬೀಳುತ್ತಿತ್ತು. ಅಣ್ಣಂದಿರು ಚಕ್ಕಡಿ ಹೂಡಿಕೊಂಡು ಬಂದು, ಗಂಡನ ಮನೆಯಲ್ಲಿದ್ದ ತಂಗಿಯರನ್ನು ತವರಿಗೆ ಕರೆದೊಯ್ಯುತ್ತಿದ್ದರು. ಯಾರ ಚಕ್ಕಡಿ ಬಂತೆಂದು ನೋಡಲು ನಾವು ಹುಡುಗರು ಕಿಸೆ ತುಂಬ ಅಳ್ಳು ತುಂಬಿಕೊಂಡು ಊರಬಾಗಿಲ ಅಗಸಿಯತ್ತ ಓಡುತ್ತಿದ್ದೆವು. ನಾನು ಆಗಲೇ ಶಾಲೆ ಬಿಟ್ಟಿದ್ದೆ. ರಂಟೆ ಹೊಡೆದು ಹೊಲ ಉಳಲು ಬರುತ್ತದೆಂಬ ಬಿಗುಮಾನ ಬೇರೆ.

ಆ ವರ್ಷ ನಮ್ಮ ಆಯಿಯೂ ಬಾಗಿಲಲ್ಲಿ ಕುಳಿತಳು. ಆಯಿ ಎಂದರೆ ಅಪ್ಪನ ತಾಯಿ. ಅವಳ ನೆನಪು ಸವೆಯುತ್ತ ಬಂದಿತ್ತು. ಮುಂಜಾನೆ ಉಂಡದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ಅವ್ವನ ಮುಖ, ಕಡೆಗೆ ಹೆತ್ತ ಮಗನ ಗುರುತೇ ಹೋಯಿತು. ಊರವರು ಅರಳುಮರಳು ಎನ್ನುತ್ತಿದ್ದರು. ಆದರೆ ತವರೂರು ಹುಕ್ಕೇರಿಯ ಓಣಿ, ಬಾವಿ, ಅಣ್ಣನ ನಗೆ ಎಲ್ಲ ನಿಚ್ಚಳವಾಗಿದ್ದವು. ಆ ಅಣ್ಣ ನಾನು ಹುಟ್ಟುವ ಮೊದಲೇ ತೀರಿದ್ದ. ಆ ತವರುಮನೆಯೂ ಬಿದ್ದುಹೋಗಿತ್ತು.

“ಅಣ್ಣ ಬರತಾನ. ತವರಾಗ ಉಣ್ಣತೇನಿ,” ಎಂದು ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ತಾಟು ದೂಡುತ್ತಿದ್ದಳು. ದಿನದಿನಕ್ಕೆ ಸೊರಗಿದಳು. ಒಂದು ಸಂಜೆ ತಾನೇ ನಡೆದು ಹೊರಟು, ತುಂಬಿ ಹರಿಯುವ ಹಳ್ಳದ ದಂಡೆಯಲ್ಲಿ ಸಿಕ್ಕಳು.

ಕದಕ್ಕೆ ಹೊರಗಿನಿಂದ ಚಿಲಕ ಹಾಕುತ್ತೇನೆಂದ ಅಪ್ಪ. ಅವ್ವ ಅಡ್ಡ ಬಂದಳು.

“ಕೂಡಿ ಹಾಕಬ್ಯಾಡ್ರಿ. ರುಮಾಲ ಸುತ್ಕೊಂಡ ನೀವ ಅಣ್ಣ ಆಗಿ ಕರಿಯಾಕ ಬರ್ರಿ.”

“ಹುಕ್ಕೇರ್ಯಾಗ ಯಾರ ಅದಾರ, ಹುಚ್ಚಿ?”

“ಆಕಿಗೆ ತವರ ಬೇಕಾಗೇತಿ. ಊರ ಸುತ್ತ ಹಾಕಿ ಹಿತ್ತಲ ಬಾಗಲಾಗ ಇಳಸ್ರಿ. ಮುಂದಿಂದು ನಾ ನೋಡ್ಕೋತೇನಿ.”

“ಹಡದಾಕಿಗೆ ಸುಳ್ಳ ಹೇಳ್ಲೇನ?”

“ಖರೇ ಹೇಳಿ ನೋಡೀರಲ್ಲ, ಉಂಡಾಳೇನ?”

ಮರುದಿನ ಅಪ್ಪ ಚಕ್ಕಡಿಗೆ ಜಮಖಾನೆ ಹಾಸಿ, ರುಮಾಲು ಸುತ್ತಿ ಮುಂಬಾಗಿಲಿಗೆ ಬಂದ. ಆಯಿ ಅವನನ್ನು ದಿಟ್ಟಿಸಿದಳು.

“ಎಷ್ಟ ತಡಾ ಮಾಡಿದ್ಯೋ ಅಣ್ಣಾ. ಮೀಸಿ ಸೈತ ಬೆಳ್ಳಗಾಗ್ಯಾವ.”

“ದಾರ್ಯಾಗ ಹಳ್ಳ ಬಂದಿತ್ತವ್ವಾ,” ಎಂದ ಅಪ್ಪ.

ಚಕ್ಕಡಿ ಹೊಲದ ದಾರಿ ಹಿಡಿದು, ಊರು ಬಳಸಿ, ನಮ್ಮದೇ ಹಿತ್ತಲಿಗೆ ಬಂತು. ಅವ್ವ ಬಿಸಿನೀರಿನ ಚರಿಗೆ ಹಿಡಿದು ಕಾದಿದ್ದಳು. ಕಾಲಿಗೆ ನೀರು ಕೊಟ್ಟು, “ಬಾರವ್ವಾ ತಂಗಿ,” ಎಂದು ಕೈಹಿಡಿದು ಒಳಗೆ ಕರೆದಳು. ಅದೇ ಅಡುಗೆಮನೆ, ಅದೇ ಒಲೆ.

“ಮನಿ ಹಂಗ ಐತಿ ನೋಡ, ವೈನಿ.” ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುವುದು. ಆಯಿ ಒಲೆಯ ಮುಂದೆ ಕುಳಿತು ರೊಟ್ಟಿ, ಎಣ್ಣೆಗಾಯಿ ಉಂಡಳು. ಶೇಂಗಾ ಉಂಡಿ ಕೇಳಿ ಹಾಕಿಸಿಕೊಂಡಳು.

“ಅಲ್ಲಿ ಅತ್ತಿ ಭಾಳ ಖೋಡಿ. ರೊಟ್ಟಿ ದಪ್ಪ ಆತಂತ ಹಂಗಸತಾಳ.”

“ಗೊತ್ತೈತಿ ತಂಗಿ. ನಮ್ಮತ್ತಿನೂ ಹಂಗ ಇದ್ಲು,” ಎಂದು ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಹೊರಗೆ ಎತ್ತು ಬಿಚ್ಚುತ್ತಿದ್ದ ಅಪ್ಪ ನಕ್ಕದ್ದು ಕೇಳಿಸಿತು.

ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರನ್ನೂ ನೆನೆದು ಅವರ ಪಾಲು ಎರೆಯುವುದು ನಮ್ಮಲ್ಲಿ ರೂಢಿ. “ಅಣ್ಣನ ಪಾಲು, ವೈನಿ ಪಾಲು,” ಎಂದು ಎರೆದ ಆಯಿ ನನ್ನತ್ತ ನೋಡಿ ತಡೆದಳು.

“ಇಂವ ಯಾರೊ ಏನೊ. ನಮ್ಮಂವ ಅದಾನ,” ಎಂದು ನನ್ನ ಪಾಲೂ ಎರೆದಳು.

ಆಮೇಲೆ ಆಯಿ ಬದುಕಿದ್ದಷ್ಟು ಕಾಲ ತವರಲ್ಲೇ ಇದ್ದಳು. ಗಂಟು ಕಟ್ಟಲಿಲ್ಲ.

ಈಗ ಆ ರೋಗಕ್ಕೆ ಹೆಸರಿದೆ. ಮೆದುಳು ಸೊರಗುತ್ತ ಹೋಗುತ್ತದೆ, ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹಳ ದಿನ ತಾಳುತ್ತದೆ ಎಂದು ಗೋಕಾಕದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ತಂಗಿಯರನ್ನು ಕರೆಯಲು ಈಗ ಚಕ್ಕಡಿ ಬರುವುದಿಲ್ಲ. ಹುತ್ತವಿದ್ದಲ್ಲಿ ಕಬ್ಬು ನಿಂತಿದೆ. ಹೊಸ ಮನೆಗಳಿಗೆ ಹಿತ್ತಲೇ ಇಲ್ಲ. ಕಳಕೊಂಡದ್ದು ಸಣ್ಣದಲ್ಲ. ಆದರೆ ಮೊನ್ನೆ ಗೋಕಾಕ ಫಾಲ್ಸ್‌ಗೆ ಹೋದಾಗ, ಗಿರಣಿಯಲ್ಲಿ ದುಡಿದು ಮುದುಕನಾಗಿ, ಈಗ ಆಯಿಯಂತೆಯೇ ನೆನಪು ಸವೆಯುತ್ತಿರುವ ನನ್ನ ಗೆಳೆಯ ಬುತ್ತಿ ಹಿಡಿದು ಎಂದೋ ಬಿಟ್ಟ ಕೆಲಸಕ್ಕೆ ಹೊರಟು ನಿಂತಿದ್ದ. ಮೊಮ್ಮಗಳು ಅವನನ್ನು ತಡೆಯಲಿಲ್ಲ.

“ಅಜ್ಜಾ, ಇವತ್ತ ಗಿರಣಿ ಸೂಟಿ. ಅಡ್ಯಾಡಾಕ ಹೋಗೂನು ಬಾ,” ಎಂದಳು.

ಅವನು ಬುತ್ತಿ ಅವಳ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದ. ನಾನೂ ಅವರ ಜೊತೆ ಹೊರಟೆ.