ಬಾಣಂತಿ ಗೋಸುಂಬಿ

ಪರದೇಶದ ಎಟೋಬಿಕೋಕ್‌ನ್ಯಾಗ ನಮ್ಮ ಬಾಜೂಮನಿ ಮುದುಕ ಎರಡು ವಾರ ಊರಿಗೆ ಹೋಗೂಮುಂದ ತನ್ನ ಗೋಸುಂಬಿ ಪಂಜರಾ ನಮ್ಮ ಬೇಸ್‌ಮೆಂಟಿನ್ಯಾಗ ಇಟ್ಟ. "ಮೂಗಿನ ಮ್ಯಾಲೆ ಕೋಡು ನೋಡ್ರಿ, ಇವ ಗಂಡು. ಏನೂ ತ್ರಾಸ ಕೊಡಂಗಿಲ್ಲ" ಅಂದಿದ್ದ.

ಮೂರನೇ ದಿನಾ ಮುಂಜಾನೆ ನೋಡ್ತೀನಿ, ಆ ಗಂಡು ಹಡದಿತ್ತು! ತತ್ತಿ ಅಲ್ರಿ, ಜೀವಂತ ಮರಿ. ಎಣಿಸಿದ್ರ ಒಮ್ಮೆ ಹದಿನಾಲ್ಕು, ಒಮ್ಮೆ ಇಪ್ಪತ್ತು. ಎಣಿಸ್ತಿದ್ಹಂಗ ಬಣ್ಣಾ ಬದಲಿಸಿಬಿಡ್ತಿದ್ವು.

ನಮ್ಮಾಕಿ ಓಡಿ ಬಂದು, "ಮೊದ್ಲ ಆ ಲೈಟ್ ಬಂದ್ ಮಾಡ್ರಿ, ಬಾಣಂತಿ ಅದಾಳ" ಅಂತ ಪಂಜರಕ್ಕ ಕೌದಿ ಹೊಚ್ಚಿದ್ಲು. ಮರಿ ಉಳಿತಾವೋ ಇಲ್ಲೋ ಅಂತ ಅಂಜಿ, ಪೆಟ್ ಶಾಪಿಗೆ ಫೋನ್ ಹಚ್ಚಿದೆ. ಅಲ್ಲಿ ಹುಡುಗಿ ಇಂಗ್ಲಿಷಿನ್ಯಾಗ ಹೇಳಿದ್ಲು, ಲೈಟ್ ಬೇಕು, ತಾಯಿನ್ನ ಬ್ಯಾರೆ ಇಡಬೇಕು, ಮ್ಯಾಲ ನೀರು ಸಿಂಪಡಿಸ್ತಿರಬೇಕು.

"ಬಾಣಂತಿ ಮೈಮ್ಯಾಲೆ ತಣ್ಣೀರ? ಆ ಹುಡುಗಿ ತಾನು ಎಷ್ಟು ಹಡದಾಳ ಕೇಳ್ರಿ!" ಅಂದ್ಲು ನಮ್ಮಾಕಿ.

ನಾನೂ ಕೇಳೇಬಿಟ್ಟೆ. ಹುಡುಗಿ "ಸಾರಿ ಸರ್, ಐ ಓನ್ಲಿ ಹ್ಯಾವ್ ಎ ಕ್ಯಾಟ್" ಅಂದ್ಲು.

ಒಂದು ಮರಿ ಒಂದು ಕಣ್ಣಿಲೆ ನಮ್ಮಾಕಿನ್ನ, ಇನ್ನೊಂದು ಕಣ್ಣಿಲೆ ನನ್ನ ನೋಡ್ತು. ಯಾರ ಮಾತು ಕೇಳಬೇಕು ಅಂತ ಅದಕ್ಕೂ ತಿಳೀಲಿಲ್ಲ. ಕಡೀಗೆ ನಮ್ಮಾಕಿ ಉಗುರುಬೆಚ್ಚನ ನೀರಿಗೆ ರಾಜಿ ಆದ್ಲು. ಕೌದಿ ತಗದು ಸಿಂಪಡಿಸಿದ್ವಿ. ಮರಿ ಹನಿ ಹನಿ ನೆಕ್ಕಿದ್ವು.

ಎಲ್ಲಾ ಉಳದ್ವು. ಮುದುಕ ತಿರುಗಿ ಬಂದಾಗ ಮರಿ ಒಯ್ದ. ತಾಯಿನ್ನ ಮಾತ್ರ ನಮ್ಮಾಕಿ ಕೊಡಲಿಲ್ಲ. ನಲವತ್ತು ದಿನಾ ಆಗೋತನಕ ಬಾಣಂತಿ ಹೊಸ್ತಿಲಾ ದಾಟಬಾರದಂತ.