ವೈನಿಯ ಮನೆಯ ವಾರೆ ಗೋಡೆ

ವೈನಿಯ ಎರಡೂ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತಿತ್ತು. ಹಬ್ಬದ ದಿನ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡಾಗಲೂ ಅದು ಹೋಗುತ್ತಿರಲಿಲ್ಲ. ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಹಿತ್ತಾಳೆ ಉಜ್ಜಿ ಉಜ್ಜಿ ಬಂದ ಗೆರೆ ಅದು. ಅವರು ಊಟಕ್ಕೆ ಬಡಿಸುವಾಗ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಯಾಕೆಂದರೆ ಆ ಹಿತ್ತಾಳೆಯಲ್ಲಿ ಅರ್ಧ ನಮ್ಮವ್ವನದು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹಾನಗಲ್ ಕಡೆಯ ಹಳ್ಳಿಯಿಂದ ಬಂಕಾಪುರಕ್ಕೆ ನಮ್ಮ ಮನೆಯ ಸೊಸೆಯಾಗಿ ಬಂದವರು. ಅವರು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಪ್ಪ ಗೌಂಡಿ, ಮನೆ ಕಟ್ಟುವವನು. ಅವನು ತೀರಿಕೊಂಡಾಗ ನಾನು ಏಳನೆಯ ಇಯತ್ತೆ. ಅಣ್ಣನಿಗೆ ಸುಣ್ಣದ ಧೂಳು ಆಗಿಬರುತ್ತಿರಲಿಲ್ಲ, ಹೊಲಿಗೆ ಕಲಿತು ಟೇಲರ್ ಆದ. ಪಾಟಿಚೀಲ ಗೂಟಕ್ಕೆ ಹಾಕಿ ಗಾರೆಯ ಕರಣಿ ಹಿಡಿದವನು ನಾನು. ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು, ನಾಲ್ಕೂ ಕಡೆ ಇವತ್ತು ನಾನು ಕಟ್ಟಿದ ಮನೆಗಳಿವೆ. ಯಾರ ಮುಂದೆಯೂ ಕೈಚಾಚಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವ್ವ ಕೊನೆತನಕ ಇದ್ದದ್ದು ಅಣ್ಣನ ಜೊತೆ. ನಾನು ಕೆಲಸ ಸಿಕ್ಕಲ್ಲಿ ಇರುತ್ತಿದ್ದೆ, ಹಬ್ಬಕ್ಕೆ ಬಂದು ಹೋಗುತ್ತಿದ್ದೆ. ಅವ್ವ ಹೋದ ಮರುವರ್ಷ ಅಪ್ಪನ ಹಳೆಯ ಮಣ್ಣಿನ ಮನೆ ಕೆಡವಿ, ಜಾಗ ಎರಡು ಪಾಲು ಮಾಡಿ, ಪಕ್ಕಪಕ್ಕದಲ್ಲಿ ಎರಡು ಮನೆ ಎಬ್ಬಿಸಿದೆವು. ಎರಡನ್ನೂ ಕಟ್ಟಿದವನು ನಾನೇ.

ಕೆಡವುವ ದಿನ ವೈನಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಧೂಳಿನಲ್ಲಿ ನಿಂತಿದ್ದರು. ಬೀಸುಕಲ್ಲು, ಹಂಡೆ, ಅಟ್ಟದ ಮೇಲಿನ ಕಂದೀಲು, ಹಾಲು ಮೊಸರಿನ ಗಡಿಗೆ ತೂಗುಹಾಕುತ್ತಿದ್ದ ನೆಲುವು, ಮೊಳೆ ತುಂಬಿದ ತುಕ್ಕು ಹಿಡಿದ ಡಬ್ಬಿ, ಎಲ್ಲವನ್ನೂ ಒಂದೊಂದಾಗಿ ಅಂಗಳಕ್ಕೆ ಹೊತ್ತು ತಂದರು.

"ವೈನಿ, ಅದನ್ನೆಲ್ಲಾ ಮೋಡಕಾದವಗ ತೂಕಕ್ಕ ಹಾಕ್ರಿ. ಹೊಸಾ ಮನಿಗೆ ಹಳೇ ದರಿದ್ರ ಯಾಕ?" ಎಂದೆ.

"ನಿಮ್ಮವ್ವನ ಕೈ ಹತ್ತಿದ್ದು ದರಿದ್ರ ಆತೇನೋ ತಮ್ಮಾ? ನಿನಗ ಬ್ಯಾಡಾದ್ರ ನನಗಿರಲಿ. ಆಮ್ಯಾಲೆ ಕೇಳಬ್ಯಾಡ ಮತ್ತ."

"ಯಾರ ಕೇಳ್ತಾರ್ರಿ? ಒಯ್ರಿ, ಒಯ್ರಿ."

ಎರಡು ಸಲ ಹೇಳಿದೆ. ಇವತ್ತಿಗೂ ಆ ಎರಡನೆಯ 'ಒಯ್ರಿ' ನನ್ನ ಕಿವಿಯಲ್ಲಿದೆ.

ನನ್ನ ಮನೆಗೆ ಕನ್ನಡಿಯಂಥ ಟೈಲ್ಸ್ ಹಾಕಿದೆ. ಮೇಲೆ ಪಿಓಪಿ, ಅದರೊಳಗೆ ನೀಲಿ ಲೈಟು, ಮೆಟ್ಟಿಲಿಗೆ ಸ್ಟೀಲಿನ ಕಟಾಂಜನ. ಗೃಹಪ್ರವೇಶದ ದಿನ ಬಂದವರೆಲ್ಲ ಬಾಯಿ ತೆರೆದರು. ಅಣ್ಣನದು ಸಾದಾ ಮನೆ, ಕೆಂಪು ನೆಲ, ಸುಣ್ಣದ ಗೋಡೆ. ವೈನಿ ಅಲ್ಲಿ ನಿಧಾನಕ್ಕೆ ತಮ್ಮ ಕೆಲಸ ಶುರು ಮಾಡಿದರು. ಬೀಸುಕಲ್ಲು ಬಾಗಿಲ ಪಕ್ಕ ಕೂತಿತು, ಅದರ ಮೇಲೆ ತುಳಸಿಯ ಕುಂಡ. ನೆಲುವು ಪಡಸಾಲೆಯ ಮೂಲೆಯಲ್ಲಿ ತೂಗಿತು. ಹಂಡೆ ಹೊಸ್ತಿಲ ಬಳಿ ಹೊಳೆಯುತ್ತ ನಿಂತಿತು. ಅವ್ವ ಹೊಲಿದ ಕೌದಿ ಗೋಡೆಗೆ ಏರಿತು.

"ಹೊಚ್ಚಿಕೊಳ್ಳೂದನ್ನ ಗ್ವಾಡಿಗೆ ಹೊಚ್ಚ್ಯಾರ ನಿಮ್ಮ ವೈನಿ. ಗ್ವಾಡಿಗೆ ಥಂಡಿ ಹತ್ತಿತ್ತೇನೋ!" ಎಂದು ನನ್ನ ಹೆಂಡತಿ ನಕ್ಕಳು. ನಾನೂ ಜೋರಾಗಿ ನಕ್ಕೆ, ಪಕ್ಕದ ಮನೆಗೆ ಕೇಳಲಿ ಎಂದೇ.

ನಮ್ಮ ಮನೆಯದು ಸಾಲದು ಎಂದು ಅವರು ಸವಣೂರಿನ ಸಂತೆಗೆ ಹೋಗಿ ಹಳೆ ಸಾಮಾನಿನವರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಒಮ್ಮೆ ನಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಯಾವ ವಸ್ತು ಎತ್ತಿದರೂ ಮೊದಲ ಪ್ರಶ್ನೆ ಒಂದೇ: "ಇದು ಯಾರ ಮನೀದು?" ಗೊತ್ತಿಲ್ಲ ಎಂದರೆ ಕೆಳಗಿಟ್ಟುಬಿಡುವರು, ಎಷ್ಟೇ ಚೆಂದವಿರಲಿ. ಅವತ್ತು ಅಂಗಡಿಯವನು ಒಂದು ಪೀಕದಾನಿ ಹಿಡಿದು, "ನವಾಬರದ್ದು ಅಕ್ಕಾರ, ಖಾಸ್ ಅರಮನೀದು" ಎಂದ.

"ನವಾಬರ ಕಾಲದಾಗ ಇಂಥಾ ಬೆಸಿಗಿ ಇತ್ತೇನೋ? ನೋಡಿಲ್ಲಿ, ತಳಾ ಬೆಸದದ್ದು ಹೋದ ವರ್ಷದ್ದೈತಿ. ಸುಳ್ಳ ಹೇಳಬ್ಯಾಡ. ಯಾರ ಮನ್ಯಾಗಿಂದ ತಂದಿ?"

ಅವನು ತಲೆ ಕೆರೆದುಕೊಂಡು, "ಹತ್ತಿಮತ್ತೂರಾಗ ಒಬ್ಬಾಕಿ ಸೂಲಗಿತ್ತಿ ಇದ್ದಳ್ರಿ, ಆಕಿ ಮೊಮ್ಮಗ ಕೊಟ್ಟ" ಎಂದ.

"ಹಂಗ ಹೇಳು. ನವಾಬರದು ನನಗ್ಯಾಕ? ಸೂಲಗಿತ್ತೀದು ಇದ್ರ ಕೊಡು."

ಅದನ್ನು ತಂದು ಉಜ್ಜಿ, ಕನ್ನಡಿಯ ಕೆಳಗಿಟ್ಟರು. ಬಂದವರಿಗೆಲ್ಲ ಆ ಸೂಲಗಿತ್ತಿಯ ಕಥೆ. ಯಾರದೋ ಮನೆಯ ಅಜ್ಜಿಗೂ ವೈನಿಯ ಮನೆಯಲ್ಲಿ ಒಂದು ಜಾಗ ಸಿಕ್ಕಿತು.

ಜನ ಬರತೊಡಗಿದರು. ಗೊಟಗೋಡಿಯ ರಾಕ್ ಗಾರ್ಡನ್ ನೋಡಲು ಬಂದ ಕಾಲೇಜಿನ ಹುಡುಗಿಯರು ಯಾರೋ ಹೇಳಿದರೆಂದು ಅಣ್ಣನ ಮನೆ ಕೇಳಿಕೊಂಡು ಬರುತ್ತಿದ್ದರು. ನನ್ನ ಗೇಟಿನ ಮುಂದೆಯೇ ಹಾಯ್ದು ಹೋಗುವರು. ಸ್ಟೀಲಿನ ಕಟಾಂಜನದ ಕಡೆ ಒಬ್ಬಳೂ ತಿರುಗಿ ನೋಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹಿರೇಕೆರೂರಿನಲ್ಲಿ. ಅಲ್ಲಿ ಮಾಸ್ತರೊಬ್ಬರ ಮನೆಯ ಕೆಲಸ ಹಿಡಿದಿದ್ದೆ. ಅವರು ಮೊಬೈಲ್ ತೆಗೆದು, "ನೋಡ್ರಿ, ನಮಗೂ ಪಡಸಾಲಿ ಇಂಥಾದ ಬೇಕು" ಎಂದು ಒಂದು ವಿಡಿಯೋ ತೋರಿಸಿದರು. ನೆಲುವು, ಕೌದಿ, ಹಂಡೆ, ನಡುವೆ ನಗುತ್ತಿರುವ ವೈನಿ. ಅದು ನಮ್ಮ ಮನೆ ಎಂದು ನಾನು ಹೇಳಲಿಲ್ಲ. "ಇದೆಲ್ಲ ನಾಕ ದಿನದ ಹುಚ್ಚರಿ" ಎಂದೆ.

ಒಂದು ದಿನ ಅಂಥ ಹುಡುಗಿಯರು ಬಂದಾಗ ನಾನೂ ಅಲ್ಲಿದ್ದೆ. ರೊಟ್ಟಿ ಹಿಟ್ಟು ನಾದುವ ಅವ್ವನ ಕಟ್ಟಿಗೆಯ ಪರಾತ ತೋರಿಸಿ ವೈನಿ ಹೇಳುತ್ತಿದ್ದರು: "ಈ ಕಡೆ ಸವದದ್ದ ನೋಡ್ರಿ. ನಮ್ಮ ಅತ್ತಿಯವರು ಎಡಗೈಲೆ ನಾದತಿದ್ರು. ಬಲಗೈ ಹೆಬ್ಬಟ್ಟು ಸಣ್ಣಾಕಿದ್ದಾಗ ಕುಡಗೋಲ ತಾಗಿ ಸೆಟದಿತ್ತು."

ನಮ್ಮವ್ವ ಎಡಗೈಯಲ್ಲಿ ನಾದುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಕೈಯ ರೊಟ್ಟಿ ತಿಂದವನು ನಾನು. ಎಲ್ಲಿಂದಲೋ ಬಂದ ಹೆಣ್ಣುಮಗಳು ನನ್ನ ತಾಯಿಯ ಹೆಬ್ಬೆರಳ ಸುದ್ದಿಯನ್ನು ಪರ ಊರಿನವರಿಗೆ ಹೇಳುತ್ತಿದ್ದಳು, ನಾನು ಹುಡುಗಿಯರ ಹಿಂದೆ ನಿಂತು ಅವರಂತೆಯೇ ಕೇಳುತ್ತಿದ್ದೆ. ಆ ಹೊತ್ತಿನಲ್ಲಿ ವೈನಿಯನ್ನು ಕಂಡು ಮೈ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಆಮೇಲೆ ಅವರು ಗೋಡೆಯ ಕಡೆ ತಿರುಗಿದರು. ಅಲ್ಲಿ ಅಪ್ಪನ ತೂಕದ ಗುಂಡು ತೂಗುತ್ತಿತ್ತು.

ಗೋಡೆ ನೆಟ್ಟಗೆ ಬಂದಿದೆಯೋ ಇಲ್ಲವೋ ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಅದು. ದಾರದ ಮೇಲ್ತುದಿಗೆ ಒಂದು ಪಟ್ಟಿ ಇರುತ್ತದೆ. ಪಟ್ಟಿಯನ್ನು ಗೋಡೆಗೆ ಹಚ್ಚಿ ಹಿಡಿದರೆ ಕೆಳಗೆ ಗುಂಡು ಗೋಡೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲಬೇಕು. ನಾನು 'ಒಯ್ರಿ' ಎಂದ ಆ ಮೊಳೆ ಡಬ್ಬಿಯಲ್ಲಿ ಇದ್ದದ್ದು ಇದೇ. ಗೌಂಡಿಯ ಮಗ ಗೌಂಡಿ ನಾನು. ಆ ಗುಂಡು ನನ್ನದಲ್ಲದೆ ಇನ್ಯಾರದು? ಆದರೆ ಕೇಳಲು ನನ್ನ ಬಾಯಿ ಕಟ್ಟಿತ್ತು. ಯಾಕೆಂದರೆ ವೈನಿ ಪಟ್ಟಿಯನ್ನು ಸರಿಯಾಗಿ ಗೋಡೆಗೆ ಹಚ್ಚಿ ಮೊಳೆ ಹೊಡೆದಿದ್ದರು, ಮತ್ತು ಕೆಳಗೆ ಗುಂಡು ಗೋಡೆಯಿಂದ ಒಂದು ಬೆರಳು ದೂರ ನಿಂತಿತ್ತು.

ಆ ಗೋಡೆ ನಾನು ಕಟ್ಟಿದ್ದು. ಆಗ ಶಿಗ್ಗಾಂವಿಯಲ್ಲಿ ದೊಡ್ಡವರೊಬ್ಬರ ಮನೆಯ ಕೆಲಸ ಅವಸರದಲ್ಲಿತ್ತು. ಹಗಲೆಲ್ಲ ಅಲ್ಲಿ ದುಡಿದು ಸಂಜೆ ಬಂದು ಅಣ್ಣನ ಗೋಡೆ ಏರಿಸುತ್ತಿದ್ದೆ. ಮೇಲೆ ಹೋದಂತೆ ಒಳಕ್ಕೆ ವಾಲಿದ್ದು ನನಗೆ ಗೊತ್ತಾಗಿತ್ತು. ಅಣ್ಣನ ಮನೆಯಲ್ಲವೇ, ಯಾರು ನೋಡುತ್ತಾರೆ ಎಂದು ಪ್ಲಾಸ್ಟರ್ ಬಳಿದು ಬಿಟ್ಟೆ. ಈಗ ಅಪ್ಪನ ಗುಂಡು ಹಗಲೂ ರಾತ್ರಿ ಅದನ್ನು ತೋರಿಸುತ್ತ ನಿಂತಿತ್ತು. ಅದರ ಕೆಳಗೆ ನಿಂತು ವೈನಿ ಹೇಳುತ್ತಿದ್ದರು: "ನಮ್ಮ ಮಾವನವರು ಒಮ್ಮೆ ಅರ್ಧ ಬೆರಳು ವಾರೆ ಬಂತಂತ ಎದಿಮಟ ಕಟ್ಟಿದ ಗ್ವಾಡಿ ಕೆಡವಿ ಮತ್ತ ಕಟ್ಟಿದ್ರಂತ್ರಿ."

ಹುಡುಗಿಯರು ಫೋಟೋ ತೆಗೆದರು. ನಾನು ಚಾ ಕುಡಿಯದೆ ಎದ್ದುಹೋದೆ.

ಬಸುರಿಯಾಗಿದ್ದ ಅಣ್ಣನ ಮಗಳ ಕುಬುಸದ ದಿನ ನಾನು ಹೆದರಿದ್ದು ಆಗಿಯೇ ಹೋಯಿತು. ಬೀಗರ ಕಡೆಯವರಲ್ಲಿ ಒಬ್ಬ ಗೌಂಡಿ ಇದ್ದ. ಪಡಸಾಲೆಗೆ ಕಾಲಿಟ್ಟವನೇ ಗುಂಡಿನ ಮುಂದೆ ನಿಂತು ಒಂದು ಕಣ್ಣು ಮುಚ್ಚಿದ.

"ಏನ್ರಿ ಅಕ್ಕಾರ, ಈ ಗ್ವಾಡಿ ಯಾವ ಪುಣ್ಯಾತ್ಮ ಕಟ್ಟ್ಯಾನ್ರಿ? ಒಂದ ಬೆರಳ ವಾರೆ ಐತಲ್ಲ!"

ಸುತ್ತ ಇದ್ದವರು ನಕ್ಕರು. ನನ್ನ ಕೈಯಲ್ಲಿ ಬುಂದಿ ಉಂಡಿ ಇತ್ತು, ಅದು ಅಲ್ಲೇ ನಿಂತಿತು. ವೈನಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಗ್ವಾಡಿ ಸರಿ ಐತ್ರಿ ಅಣ್ಣಾರ. ಮೊಳಿ ಹೊಡದಾಕಿ ನಾನು. ನನಗೇನ ತಿಳೀತೈತಿ, ಹೆಂಗೋ ಬಡದು ಹಾಕೇನಿ. ನೀವು ಮೊದಲ ಉಣ್ಣಾಕ ಬರ್ರಿ, ಹೋಳಿಗಿ ಆರತಾವ."

ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಮಾನ ಉಳಿಸಿದರು ಎಂಬುದನ್ನು ನನ್ನಿಂದ ನುಂಗಲಾಗಲಿಲ್ಲ. ಪಕ್ಕದ ಮನೆಯಲ್ಲೇ ಇದ್ದರೂ ಆಮೇಲೆ ಎಷ್ಟೋ ತಿಂಗಳು ಆ ಹೊಸ್ತಿಲು ತುಳಿಯಲಿಲ್ಲ.

ಹೋದ ವರ್ಷ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯ ಡಾಕ್ಟರರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಆಗ ಹೋದೆ. ಪಡಸಾಲೆಯಲ್ಲಿ ಮಂಚ ಹಾಕಿದ್ದರು, ಆ ಗೋಡೆಗೆ ಎದುರಾಗಿ. ಅಣ್ಣ ಅಂಗಡಿಗೆ ಹೋಗಿದ್ದ. ಕೊನೆಗೂ ಕೇಳಿಬಿಟ್ಟೆ.

"ವೈನಿ, ಆ ಗುಂಡು ನನಗ ಕೊಡ್ರಿ."

ಅವರು ನಕ್ಕರು. ಮುಖ ಸಣ್ಣಗಾಗಿತ್ತು, ನಗು ಮಾತ್ರ ಮೊದಲಿನಷ್ಟೇ ಇತ್ತು. "ನಾಕ ವರ್ಷ ಬೇಕಾತೇನೋ ಇಷ್ಟ ಕೇಳಾಕ? ಬರತಿದ್ದಿ, ಅದನ್ನ ನೋಡತಿದ್ದಿ, ಚಾ ಕುಡದ ಹೋಗತಿದ್ದಿ."

"ಗ್ವಾಡಿ ವಾರೆ ಐತಿ ಅಂತ ನಿಮಗ ಮೊದಲ ಗೊತ್ತಿತ್ತು."

"ಪಟ್ಟಿ ಹೆಂಗ ಹಿಡೀಬೇಕು, ಗುಂಡು ಹೆಂಗ ಮುಟ್ಟಬೇಕು, ಎಲ್ಲಾ ಅತ್ತಿಯವರು ಹೇಳಿದ್ರು. ನಿಮ್ಮಪ್ಪ ಗುಂಡು ನಿಲ್ಲೂಮಟ ಉಸರ ಹಿಡೀತಿದ್ರಂತ."

"ಮತ್ತ ಅಲ್ಲೇ ಯಾಕ ಹಾಕಿದ್ರಿ? ನನ್ನ ಮಾರಿಗೆ ಹೊಡದಂಗ?"

"ಬ್ಯಾರೆ ಗ್ವಾಡಿಗೆ ಹಾಕಿದ್ರ ನೋಡಿ ಸುಮ್ಮನಾಗತಿದ್ದಿ. ಗ್ವಾಡಿ ಸರಿ ಮಾಡು, ಗುಂಡು ಒಯ್ಯಿ. ಮನಿ ಮಂದಿಗೆ ಕಟ್ಟಿದ್ದು ಹಂಗ ಇರಬಾರದು."

ಮರುದಿನ ಬೆಳಿಗ್ಗೆ ಹಿರೇಕೆರೂರಿನ ಕೆಲಸ ನಿಲ್ಲಿಸಿ ಉಳಿ, ಸುತ್ತಿಗೆ ತಂದೆ. ಮಂಚವನ್ನು ಬಾಗಿಲ ಆಚೆ ಕಟ್ಟೆಗೆ ಸರಿಸಿದೆವು. ಮೂರು ದಿನ ಮೇಲಿನದನ್ನು ಕೆತ್ತಿ ಇಳಿಸಿದೆ, ಕೆಳಗಿನದನ್ನು ತುಂಬಿದೆ. ವೈನಿ ಮೂಗಿಗೆ ಸೆರಗು ಹಿಡಿದು ಅಲ್ಲಿಂದಲೇ ಕೂಗುತ್ತಿದ್ದರು: "ಇನ್ನೂ ಮುಟ್ಟವಲ್ದು ನೋಡು! ಎಷ್ಟ ಮನಿ ಕಟ್ಟೀಯಪ್ಪ ನೀ?" ನಾನು ಕೆಲಸ ಮಾಡುವಾಗ ಯಾರಿಗೂ ಹಾಗೆ ಮಾತಾಡಲು ಬಿಟ್ಟವನಲ್ಲ. ಅವತ್ತು ಬಿಟ್ಟೆ.

ಮೂರನೆಯ ದಿನ ಸಂಜೆ ಪಟ್ಟಿ ಹಚ್ಚಿ ಗುಂಡು ಇಳಿಬಿಟ್ಟೆ. ನನಗೆ ಗೊತ್ತಿಲ್ಲದೆ ಉಸಿರು ಹಿಡಿದಿದ್ದೆ. ಗುಂಡು ಎರಡು ಸಲ ತೂಗಿ, ಗೋಡೆಗೆ ಸಣ್ಣಗೆ ಟಕ್ ಎಂದು ತಾಗಿ ನಿಂತಿತು.

"ಈಗ ಒಯ್ಯಿ, ನಿನ್ನದ ಅದು" ಎಂದರು ವೈನಿ.

ಅಂಗೈಯಲ್ಲಿ ಹಿಡಿದೆ. ತಣ್ಣಗೆ, ನಾನು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ನನ್ನ ಮನೆಯಲ್ಲಿ ಎಲ್ಲಿ ಹಾಕಲಿ ಎಂದು ಯೋಚಿಸಿದೆ. ನೀಲಿ ಲೈಟಿನ ಕೆಳಗೆ? ಯಾರಾದರೂ ಕೇಳಿದರೆ ನಾನು ಹೇಳುವುದು ಎರಡು ಮಾತು: ಇದು ನಮ್ಮಪ್ಪನದು, ಅವನು ಗೌಂಡಿ. ಅಲ್ಲಿಗೆ ಮುಗಿಯಿತು.

"ಇಲ್ಲೇ ಇರಲಿ ವೈನಿ. ಅಪ್ಪ ಅವ್ವನ ಸುದ್ದಿ ನಿಮಗ ಗೊತ್ತಿದ್ದಷ್ಟು ನನಗ ಗೊತ್ತಿಲ್ಲ."

"ಹಂಗಾರ ಕುಂದರು. ಹೇಳ್ತೇನಿ."

ಆಮೇಲೆ ದಿನಾ ಸಂಜೆ ಕೆಲಸದಿಂದ ನೇರವಾಗಿ ಅಲ್ಲಿಗೆ ಹೋದೆ, ಕೈಕಾಲಿನ ಸಿಮೆಂಟು ತೊಳೆಯದೆ. ಅವ್ವ ನನ್ನ ಪಾಟಿಚೀಲವನ್ನು ಎಷ್ಟೋ ವರ್ಷ ಗೂಟದಿಂದ ಇಳಿಸಿರಲಿಲ್ಲವಂತೆ. ಕೆಲಸದ ಊರಿಂದ ನಾನು ಬರುವ ದಿನ ಹಿಟ್ಟು ಹೆಚ್ಚಿಗೆ ನಾದಿ, ನಾನು ಬರದಿದ್ದರೆ ಆ ರೊಟ್ಟಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ. ಇಂಥವನ್ನೆಲ್ಲ ವೈನಿ ಉಸಿರು ಸಿಕ್ಕಷ್ಟು ಹೇಳುತ್ತಿದ್ದರು, ಉಸಿರು ಸಾಲದಾದಾಗ ಕೈಸನ್ನೆಯಲ್ಲಿ ತೋರಿಸುತ್ತಿದ್ದರು. ಶ್ರಾವಣ ಕಳೆಯುವುದರೊಳಗೆ ಹೋದರು. ಹೋದ ದಿನ ನೋಡಿದೆ, ಉಗುರಿನ ಸಂದಿಯ ಗೆರೆ ಹೋಗಿತ್ತು. ತಿಂಗಳುಗಟ್ಟಲೆ ಹಿತ್ತಾಳೆ ಮುಟ್ಟಿರಲಿಲ್ಲವಲ್ಲ.

ಈಗ ಜನ ಬಂದರೆ ಅಣ್ಣ ನನ್ನನ್ನೇ ಕರೆಯುತ್ತಾನೆ. ಪರಾತ ತೋರಿಸಿ ಅವ್ವನ ಹೆಬ್ಬೆರಳ ಸುದ್ದಿ ಹೇಳುತ್ತೇನೆ, ಸೂಲಗಿತ್ತಿಯದೂ ಹೇಳುತ್ತೇನೆ. ಗೋಡೆಯ ಹತ್ತಿರ ಬಂದಾಗ ಅದು ವಾರೆ ಇದ್ದದ್ದನ್ನೂ, ಕಟ್ಟಿದವನು ಯಾರೆಂಬುದನ್ನೂ ಹೇಳುತ್ತೇನೆ. ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು, ಬೂದಿ ತೆಗೆದುಕೊಂಡು ಹಂಡೆ, ಕಂದೀಲು, ಗುಂಡು ಎಲ್ಲ ಉಜ್ಜುತ್ತೇನೆ. "ಗಂಡಸರಾಗಿ ಇದೇನ್ರಿ ಕೆಲಸ" ಎಂದು ಹೆಂಡತಿ ಗೊಣಗುತ್ತಾಳೆ. ನನ್ನ ಹೆಬ್ಬೆರಳೂ ಈಗ ಕಪ್ಪಾಗಿದೆ. ಆದರೆ ಎಷ್ಟು ಉಜ್ಜಿದರೂ ಅವರು ಉಜ್ಜಿದಾಗಿನ ಹೊಳಪು ಬರುವುದಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.