ಖಂಡೆ ಪೂಜೆ ಕೊಂದ ಬಾಳೆ

ಅರಭಾವಿ ಹತ್ತಿರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನನ್ನ ಕೆಲಸ ಕೊಯ್ಯುವುದು. ಬಾಳೆಗಂದಿನ ಹೊಟ್ಟೆ ಸೀಳಿ, ಬೆರಳತುದಿಯಷ್ಟು ಎಳೆ ಮೊಳಕೆ ತೆಗೆದು, ಔಷಧಿಯಲ್ಲಿ ತೊಳೆದು, ಬಾಟಲಿಯೊಳಗಿನ ಸಿಹಿ ಆಹಾರದ ಮೇಲೆ ಇಡಬೇಕು. ಚಿಗುರಿತೋ, ಮತ್ತೆ ಕೊಯ್ದು ಬೇರೆ ಬೇರೆ ಬಾಟಲಿಗೆ ಹಾಕಬೇಕು. ಒಂದು ಕಂದಿನಿಂದ ನೂರಾರು ಗಿಡ ಏಳುವುದು ಹೀಗೆ. ಬೂಷ್ಟಿನ ಒಂದು ಕಣ ಒಳಹೊಕ್ಕರೆ ಎಲ್ಲ ಮುಗಿಯಿತು.

ಒಂದು ಮಧ್ಯಾಹ್ನ ದಡ್ಡಿ ಊರಿನ ಕಡೆಯ ರೈತರೊಬ್ಬರು ಬಂದರು. ವಯಸ್ಸಾದವರು. ತಲೆಗೆ ಪಟ್ಟಿ, ಪಟ್ಟಿಯ ಮೇಲೆ ಒಣಗಿದ ರಕ್ತ, ಬಗಲಲ್ಲಿ ಹಸಿ ಗೋಣಿತಟ್ಟು. ಬಿಚ್ಚಿದರೆ ಒಂದೇ ಒಂದು ಬಾಳೆಗಂದು.

“ಬೇಟಿ, ಇದ ನಮ್ಮಾಕಿ ತವರಿಂದ ತಂದು ಹಚ್ಚಿದ ಬಾಳಿ. ಆಕಿ ಹೋಗಿ ವರ್ಷ ಆತು. ಬದುವಿನ ಜಗಳದಾಗ ನನ್ನ ತಮ್ಮ ಎಲ್ಲಾ ಕಡದು ಸೀಮಿಎಣ್ಣಿ ಸುರದಾನ. ಅಡ್ಡ ಹ್ವಾದ್ರ ನನ್ನ ತಲಿನೂ ಒಡದಾನ. ಇದೊಂದ ಉಳದೈತಿ.”

“ಚಾಚಾ, ನನಗ ಬಿಡ್ರಿ. ನಾ ಬದುಕಸ್ತೇನಿ,” ಎಂದೆ. ದೊಡ್ಡ ಜಂಬದ ಮಾತು.

ಕಂದು ಚಿಗುರಿತು. ಎರಡು ಸಲ ಕೊಯ್ದು ಹಂಚಿದೆ. ಅಷ್ಟರಲ್ಲಿ ನವರಾತ್ರಿ ಬಂತು, ಖಂಡೆ ಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಈಳಿಗೆಯಿಂದ ಕುಡುಗೋಲಿನವರೆಗೆ ಎಲ್ಲಕ್ಕೂ ಪೂಜೆ. ಪ್ರಯೋಗಾಲಯದ ಮಾಲಕರು ಮೊದಲೇ ಹೇಳಿದ್ದರು: “ಪೂಜಾ ಹೊರಗ ಮಾಡ್ರಿ. ಒಳಗ ಒಂದ ಹೂವಿನ ಎಸಳೂ ಬ್ಯಾಡ.”

ನನಗೆ ಸಿಟ್ಟು ಬಂತು. ವರ್ಷವಿಡೀ ಅನ್ನ ಕೊಡುವ ಚೂರಿಗೆ ಒಂದು ದಿನ ಕುಂಕುಮ ಬೇಡವೇ? ಅವರು ಊಟಕ್ಕೆ ಹೋದಾಗ ಒಳಗಿನ ಕೊಠಡಿಗೆ ನುಗ್ಗಿದೆ. ಶುದ್ಧಗಾಳಿ ಬೀಸುವ ಪೆಟ್ಟಿಗೆಯಲ್ಲಿ ಚೂರಿಗಳನ್ನು ಸಾಲಾಗಿಟ್ಟು, ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿ, ಊದಿನಕಡ್ಡಿ ಹಚ್ಚಿ, ಕೈಮುಗಿದೆ. ಆಮೇಲೆ ಸ್ಪಿರಿಟಿನಲ್ಲಿ ಒರೆಸಿದೆ. ಮರುದಿನ ಅಲ್ಲಿಯೇ ಕುಳಿತು ಚಾಚಾನ ಚಿಗುರನ್ನೆಲ್ಲ ಕೊಯ್ದೆ.

ನಾಲ್ಕನೆಯ ದಿನ ಬಾಟಲಿಗಳಲ್ಲಿ ಬಿಳಿ ಬೂಷ್ಟು ಎದ್ದಿತ್ತು. ಫೋನು ಮಾಡಿ, “ಎಲ್ಲಾ ಸತ್ತಾವು ಚಾಚಾ,” ಎಂದೆ. ಹೇಗೆ ಸತ್ತವು ಎಂದು ಬಾಯಿಬಿಡಲು ಧೈರ್ಯ ಸಾಲಲಿಲ್ಲ. ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುವಾಗ ಒಂದು ಬಾಟಲಿ ಸ್ವಚ್ಛವಾಗಿ ಕಂಡಿತು. ಕೆಟ್ಟವನ್ನೆಲ್ಲ ತೊಳೆಯುವ ಕೋಣೆಯ ಮೇಜಿಗೆ ಸಾಗಿಸಿ, ಅದೇ ಮೇಜಿನ ಮೂಲೆಗೆ ಇದನ್ನು ಬೇರೆ ಇಟ್ಟೆ.

ಅಂದು ಸಂಜೆಗೆ ಮುಂಚೆ ಚಾಚಾ ಅಲ್ಲಿಗೇ ಬಂದರು. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. “ಯಾರ ಕೊಂದ್ರು?”

“ನಾನರೀ. ಪೂಜಾ ಮಾಡಿದ್ನಿ. ಅದರಿಂದನ...”

ಮಾತು ಮುಗಿಯಲಿಲ್ಲ. ಕೊಯ್ತಾ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಏಟು ಬಿದ್ದದ್ದು ಮೇಜಿಗೆ. ಬಾಟಲಿಗಳು ಸಿಡಿದವು. ಮತ್ತೊಂದು ಏಟು, ಮಗದೊಂದು. ಗಾಜು ನನ್ನ ಕೆನ್ನೆಗೆ ಬಡಿಯಿತು. “ಮೂಲ್ಯಾಗಿನ ಬಾಟ್ಲಿ ಬಿಡ್ರಿ! ಅದು ಜೀವಂತ ಐತಿ!” ಎಂದು ಕಿರುಚುವಷ್ಟರಲ್ಲಿ ಅದೂ ಚೂರಾಯಿತು.

ತಂದೆಯ ವಯಸ್ಸಿನವರ ಕಪಾಳಕ್ಕೆ ಬಾರಿಸಿದೆ. ಹೌದು, ಬಾರಿಸಿದೆ. ಈಗಲೂ ಕೈ ಉರಿಯುತ್ತದೆ. ಅವರು ಅಲ್ಲೇ ಕುಸಿದು ಕುಳಿತು ಅತ್ತರು. ನಾನೂ ಅತ್ತೆ. ಆಮೇಲೆ ಇಬ್ಬರೂ ಮೊಣಕಾಲೂರಿ ಗಾಜಿನಲ್ಲಿ ಹುಡುಕಿದೆವು. ಆ ಬಾಟಲಿಯ ಹಸಿರು ಗಡ್ಡೆ ಸಿಕ್ಕಾಗ ನನ್ನ ಬೆರಳಿಂದ ರಕ್ತ ಸೋರುತ್ತಿತ್ತು. ಒಳಗಿನ ಕೊಠಡಿಗೆ ಒಯ್ದು, ಔಷಧಿಯಲ್ಲಿ ತೊಳೆದು, ಗಡ್ಡೆಯ ಜಜ್ಜಿದ ಭಾಗವನ್ನೆಲ್ಲ ಕೊಯ್ದು ಬಿಸಾಡಿ, ಹೊಸ ಬಾಟಲಿಗೆ ಹಾಕಿದೆ.

“ಇನ್ನ ಎಷ್ಟ ಕಡೀತಿ ಅದನ್ನ!” ಎಂದು ಬಾಗಿಲ ಗಾಜಿನಾಚೆಯಿಂದ ಅವರು ಕೂಗಿದ್ದು ಕೇಳಿಸಿತು.

ಅದು ಬದುಕಿತು. ಮುಂದಿನ ಮಳೆಗಾಲಕ್ಕೆ ನೆರಳುಮನೆಯಲ್ಲಿ ಮೂವತ್ತು ಸಸಿ ನಿಂತಿದ್ದವು. ಒಯ್ಯಲು ಬಂದ ಚಾಚಾ ಗೋಣಿತಟ್ಟಿನಿಂದ ಅದೇ ಕೊಯ್ತಾ ತೆಗೆದು ನನ್ನ ಮುಂದಿಟ್ಟರು.

“ಇದು ಇಲ್ಲೇ ಇರ್ಲಿ, ಬೇಟಿ. ಅವತ್ತ ನೀ ಫೋನ್ ಮಾಡಿದ ಮ್ಯಾಲ ನಾ ಸೀದಾ ಇಲ್ಲಿಗೆ ಬರಲಿಲ್ಲ. ಮೊದಲ ಇದನ್ನ ಹಿಡಕೊಂಡ ತಮ್ಮನ ಮನಿಗೆ ಹೋಗಿದ್ನಿ.”

ನಾನು ಕೊಯ್ತಾದ ಅಲಗನ್ನೇ ನೋಡಿದೆ.

“ಅವ ಮನ್ಯಾಗ ಇರಲಿಲ್ಲ,” ಎಂದರು. ಸಸಿಗಳ ಬುಟ್ಟಿ ಹೊತ್ತು ಬಸ್ಸಿಗೆ ನಡೆದರು.